ಟ್ರಾನ್ಸ್‌ಡ್ಯೂಸರ್ ಕೂರಿಸೋದು: ದೋಣಿಯ ತಳದಲ್ಲಿ ಗಾಳಿಗೆ ಜಾಗ ಕೊಡಬೇಡಿ

ನೋಡಿ, ಆಳ ಅಳೆಯೋ ಸೌಂಡರಿನ ಇಡೀ ವ್ಯವಸ್ಥೆಯಲ್ಲಿ ನೀರು ಮುಟ್ಟೋದು ಟ್ರಾನ್ಸ್‌ಡ್ಯೂಸರಿನ ಈ ಚಪ್ಪಟೆ ಮುಖ ಒಂದೇ. ಇದರ ಹಿಂದೆ ಒಂದು ಸಿರಾಮಿಕ್ ಬಿಲ್ಲೆ ಕೂತಿದೆ. ವಿದ್ಯುತ್ ಹರಿದಾಗ ಅದು ನಡುಗಿ ಶಬ್ದ ಬಿಡುತ್ತೆ, ಪ್ರತಿಧ್ವನಿ ವಾಪಸ್ ಬಂದಾಗ ಅದನ್ನ ಮತ್ತೆ ವಿದ್ಯುತ್ ಮಾಡುತ್ತೆ. ಸಮುದ್ರದ ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. 10 ಮೀಟರ್ ಆಳಕ್ಕೆ ಹೋಗಿ ಬರೋಕೆ 13 ಮಿಲಿಸೆಕೆಂಡ್ ಸಾಕು. ಆದರೆ ಮಧ್ಯದಲ್ಲಿ ಗಾಳಿಯ ಒಂದು ತೆಳು ಪದರ ಸಿಕ್ಕರೂ ಶಬ್ದ ಅಲ್ಲಿಂದಲೇ ತಿರುಗಿ ಬಂದುಬಿಡುತ್ತೆ. ಎಲ್ಲಿ ಕೊರೀಬೇಕು, ಯಾವ ಬಣ್ಣ ಬಳೀಬೇಕು, ಎಷ್ಟು ದಿನಕ್ಕೆ ಉಜ್ಜಬೇಕು, ಎಲ್ಲದಕ್ಕೂ ಕಾರಣ ಈ ಗಾಳಿಯೇ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ದೋಣಿಯ ತಳ ಯಾವುದರದ್ದು ಅಂತ. ಫೈಬರ್ ತಳಕ್ಕೆ ಪ್ಲಾಸ್ಟಿಕ್ ಮೈಯ ಟ್ರಾನ್ಸ್‌ಡ್ಯೂಸರ್ ಆಗುತ್ತೆ, ಕಂಚಿನದ್ದೂ ಆಗುತ್ತೆ. ಮರದ ತಳಕ್ಕೆ ಕಂಚೇ ಬೇಕು; ನೀರು ಕುಡಿದ ಮರ ಉಬ್ಬಿ, ತಳದ ತೂತಲ್ಲಿ ಕೂರೋ ಪ್ಲಾಸ್ಟಿಕ್ ಕೊಳವೆಯನ್ನ ಹಿಸುಕಿ ಸೀಳಿಬಿಡಬಹುದು. ಅಲ್ಯೂಮಿನಿಯಂ, ಉಕ್ಕಿನ ತಳಕ್ಕೆ ಕಂಚು ತರಲೇಬೇಡಿ. ಉಪ್ಪುನೀರಲ್ಲಿ ಎರಡು ಬೇರೆ ಲೋಹ ಸೇರಿದರೆ ಬ್ಯಾಟರಿಯ ಹಾಗೆ ಕೆಲಸ ಮಾಡಿ ತಳವನ್ನೇ ತಿನ್ನುತ್ತವೆ. ಶಬ್ದದ ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ನಡುಗುತ್ತೆ ಅನ್ನೋ ವಿಚಾರ ಇಷ್ಟೇ: 200 ಕಿಲೋಹರ್ಟ್ಸ್ ಕಡಿಮೆ ಆಳದಲ್ಲಿ ಸ್ಪಷ್ಟವಾಗಿ ತೋರಿಸುತ್ತೆ, 50 ಕಿಲೋಹರ್ಟ್ಸ್ ಹೆಚ್ಚು ಆಳಕ್ಕೆ ಇಳಿಯುತ್ತೆ.

ಈಗ ಜಾಗ. ಇಲ್ಲಿ ಅವಸರ ಬೇಡ, ಕೊರೆದ ತೂತನ್ನ ಪಕ್ಕಕ್ಕೆ ಸರಿಸೋಕಾಗಲ್ಲ. ದೋಣಿ ಓಡುವಾಗ ಮುಂಭಾಗ ನೀರನ್ನ ಸೀಳಿ ಗುಳ್ಳೆ ಎಬ್ಬಿಸುತ್ತೆ, ಆ ಗುಳ್ಳೆಗಳು ತಳಕ್ಕೆ ಅಂಟಿಕೊಂಡೇ ಹಿಂದಕ್ಕೆ ಹರಿಯುತ್ತವೆ. ವೇಗದಲ್ಲಿ ಮೂತಿ ಎತ್ತಿ ಓಡುವ ದೋಣಿಯಾದರೆ ಹಿಂಭಾಗದಲ್ಲಿ, ನಡುಗೆರೆಗೆ ಹತ್ತಿರ, ಎಂಜಿನ್ನಿಗಿಂತ ಮುಂದೆ ಕೂರಿಸಿ. ಯಾವ ವೇಗದಲ್ಲೂ ನೀರು ಬಿಡದ ಜಾಗ ಅದು. ನಿಧಾನವಾಗಿ ಸಾಗುವ ಭಾರದ ದೋಣಿಗೆ, ನೀರುಗೆರೆಯ, ಅಂದರೆ ನೀರಿನ ಮಟ್ಟ ದೋಣಿಗೆ ತಾಗೋ ಗೆರೆಯ ಉದ್ದದಲ್ಲಿ ಮುಂತುದಿಯಿಂದ ಮೂರನೇ ಒಂದು ಭಾಗ ಹಿಂದೆ ಬಂದರೆ ಚೆನ್ನಾಗಿರುತ್ತೆ. ಫಿನ್ ಕೀಲ್, ಅಂದರೆ ತಳದಿಂದ ಮೀನಿನ ರೆಕ್ಕೆಯ ಹಾಗೆ ಕೆಳಗೆ ಚಾಚಿದ ಭಾಗ ಇರುವ ಹಾಯಿದೋಣಿಗೆ ಕೀಲಿನ ಮುಂದೆ 30ರಿಂದ 60 ಸೆಂಟಿಮೀಟರ್ ದೂರದಲ್ಲಿ. ಎಂಜಿನ್‌ಗೆ ನೀರೆಳೆಯೋ ತೂತು, ತಳದ ಉದ್ದ ಏಣು, ಹೊರಗೆ ಚಾಚಿದ ಯಾವುದೇ ಫಿಟ್ಟಿಂಗ್, ಇವುಗಳ ನೇರ ಹಿಂದೆ ಮಾತ್ರ ಬೇಡ. ಒಳಗಡೆಯೂ ನೋಡಿಕೊಳ್ಳಿ: ನಟ್ ತಿರುಗಿಸೋಕೆ, ಆಮೇಲೆ ಸೋರಿಕೆ ನೋಡೋಕೆ ಕೈ ಹೋಗಬೇಕು.

ಹಿಂಬದಿ ಹಲಗೆಗೆ, ಅಂದರೆ ಟ್ರಾನ್ಸಮ್‌ಗೆ ಬಿಗಿಯೋ ಮಾದರಿ ಆದರೆ ಹಿಂದೆ ನಿಂತು ಪ್ರೊಪೆಲ್ಲರ್ ನೋಡಿ. ಅಲಗು ಯಾವ ಬದಿಯಲ್ಲಿ ಕೆಳಗಿಳಿಯುತ್ತೋ ಆ ಬದಿಗೆ ಹಾಕಿ. ಗಡಿಯಾರದ ದಿಕ್ಕಿಗೆ ತಿರುಗಿದರೆ ಅದು ಬಲಬದಿ.

ದೋಣಿಯ ತಳ ಇಳಿಜಾರಾಗಿದ್ದರೆ ಶಬ್ದ ಓರೆಯಾಗಿ ಹೋಗಿ, ಪ್ರತಿಧ್ವನಿ ದುರ್ಬಲವಾಗುತ್ತೆ. ಅದಕ್ಕೇ ಈ ಫೇರಿಂಗ್ ಬ್ಲಾಕ್, ಅಂದರೆ ಇಳಿಜಾರನ್ನ ಸರಿದೂಗಿಸೋಕೆ ಕೊಡೋ ದಿಮ್ಮಿ. ಇಳಿಜಾರಿನ ಕೋನಕ್ಕೆ ಸರಿಯಾಗಿ ಇದನ್ನ ಎರಡು ತುಂಡು ಮಾಡ್ತಾರೆ. ಒಂದು ಹೊರಗೆ, ಇನ್ನೊಂದು ಒಳಗೆ ನಟ್ಟಿನ ಕೆಳಗೆ. ಹೀಗೆ ಮುಖವೂ ನೇರ ಕೆಳಗೆ ನೋಡುತ್ತೆ, ನಟ್ಟೂ ಸಮವಾಗಿ ಕೂರುತ್ತೆ.

ಮೊದಲು 3 ಮಿಲಿಮೀಟರ್ ಬಿಟ್‌ನಲ್ಲಿ ಒಳಗಿಂದ ಒಂದು ಸಣ್ಣ ತೂತು ಹೊಡೀರಿ. ಹೊರಗೆ ಬಂದು, ಅದು ಸರಿಯಾದ ಜಾಗದಲ್ಲೇ ಇಳಿದಿದೆಯಾ ಅಂತ ನೋಡಿ. ತಪ್ಪಿದ್ದರೆ ಅಷ್ಟು ಸಣ್ಣ ತೂತನ್ನ ಎಪಾಕ್ಸಿ ಅಂಟಿನಲ್ಲಿ ಮುಚ್ಚೋದು ಸುಲಭ. ಸರಿಯಿದ್ದರೆ ಹೊರಗಿಂದ ಹೋಲ್ ಸಾ, ಅಂದರೆ ದುಂಡಗೆ ಕೊರೆಯೋ ಗರಗಸದ ಬಿಟ್ ಹಾಕಿ. ಅಳತೆಯನ್ನ ಟ್ರಾನ್ಸ್‌ಡ್ಯೂಸರ್ ಜೊತೆ ಬಂದ ಕಾಗದದಲ್ಲಿ ನೋಡಿ. ತುಂಬಾ ಮಾದರಿಗಳಿಗೆ ಅದು 51 ಮಿಲಿಮೀಟರ್.

ಎರಡು ಫೈಬರ್ ಪದರದ ಮಧ್ಯೆ ಬಾಲ್ಸಾ ಮರ ಅಥವಾ ಫೋಮ್ ತುಂಬಿರೋ ತಳ ಆದರೆ ಇಷ್ಟಕ್ಕೇ ನಿಲ್ಲಿಸೋ ಹಾಗಿಲ್ಲ. ನಟ್ ಬಿಗಿದಾಗ ಆ ಮೆತ್ತನೆ ತಿರುಳು ಕುಸಿಯುತ್ತೆ, ಸೀಲ್ ಸಡಿಲವಾಗುತ್ತೆ, ನೀರು ತಿರುಳಿಗೆ ಇಳಿದು ಸುತ್ತಲೂ ಕೊಳೆಸುತ್ತಾ ಹೋಗುತ್ತೆ. ಹೊರಗಿಂದ ಏನೂ ಕಾಣಲ್ಲ, ಕಂಡಾಗ ತಳದ ಒಂದು ಭಾಗವನ್ನೇ ಕತ್ತರಿಸಬೇಕಾಗಿರುತ್ತೆ. ಹಾಗಾಗಿ ಒಳಪದರ ಮತ್ತು ತಿರುಳನ್ನ ಸುಮಾರು 10 ಮಿಲಿಮೀಟರ್ ದೊಡ್ಡದಾಗಿ ಕೊರೆದು ತೆಗೀರಿ, ಹೊರಪದರದ ತೂತು ಮಾತ್ರ ಸರಿಯಳತೆಯಲ್ಲೇ ಇರಲಿ. ಅದೇ ಅಳತೆಯ ಒಂದು ಉರುಳೆಗೆ ಮೇಣ ಸವರಿ ಮಧ್ಯೆ ನಿಲ್ಲಿಸಿ, ಸುತ್ತ ಎಪಾಕ್ಸಿ ಸುರೀರಿ. ಗಟ್ಟಿಯಾದ ಮೇಲೆ ಉರುಳೆ ಎಳೆದರೆ ತೂತಿನ ಸುತ್ತ ಗಟ್ಟಿ ಗೋಡೆ ಸಿಗುತ್ತೆ.

ತೂತಿನ ಅಂಚಿಗೆ ಮರಳು ಕಾಗದ ಉಜ್ಜಿ, ಧೂಳು ಜಿಡ್ಡು ತೆಗೆದು ಒಣಗಿಸಿ. ಪ್ಲಾಸ್ಟಿಕ್ ಮೈಗೆ ಅಸಿಟೋನ್ ತಾಗಿಸಬೇಡಿ, ಬಿರುಕು ಬರುತ್ತೆ. ನೀರೊಳಗೆ ಬಾಳಿಕೆ ಬರೋ ಮೆರೈನ್ ಸೀಲೆಂಟನ್ನ ಟ್ರಾನ್ಸ್‌ಡ್ಯೂಸರಿನ ಅಂಚಿನ ಚಪ್ಪಟೆ ಭಾಗಕ್ಕೂ ಕೊಳವೆಗೂ ಸುಮಾರು 3 ಮಿಲಿಮೀಟರ್ ದಪ್ಪ ಬಳೀರಿ. ತಳ್ಳುವಾಗ ಸ್ವಲ್ಪ ತಿರುಗಿಸುತ್ತಾ ತಳ್ಳಿ. ಸೀಲೆಂಟ್ ಸುತ್ತಲೂ ಒಂದೇ ಸಮ ಹೊರಗೆ ಉಕ್ಕಬೇಕು. ಉಕ್ಕದ ಕಡೆ ಒಳಗೆ ಖಾಲಿ ಉಳಿದಿದೆ ಅಂತ ಅರ್ಥ, ಹೊರತೆಗೆದು ಮತ್ತೆ ಬಳೀರಿ. ಪ್ಲಾಸ್ಟಿಕ್ ನಟ್ಟನ್ನ ಕೈಯಲ್ಲೇ ಬಿಗಿ ಮಾಡಿ, ಸ್ಪ್ಯಾನರ್ ಹಾಕಿದರೆ ತಿರುಪಿನ ಎಳೆ ಕಿತ್ತುಹೋಗುತ್ತೆ. ಹೊರಗೆ ಉಕ್ಕಿದ್ದನ್ನ ನಯವಾಗಿ ಒರೆಸಿ, ಗಂಟು ಉಳಿದರೆ ಅದೇ ಗುಳ್ಳೆ ಎಬ್ಬಿಸುತ್ತೆ. ಕೇಬಲ್ ಹಿಡಿದು ಟ್ರಾನ್ಸ್‌ಡ್ಯೂಸರ್ ಎತ್ತಬೇಡಿ. ಉದ್ದ ಹೆಚ್ಚಾಯ್ತು ಅಂತ ಕತ್ತರಿಸಲೂ ಬೇಡಿ, ಸುತ್ತಿ ಕಟ್ಟಿಡಿ. ಆಲ್ಟರ್ನೇಟರ್, ರೇಡಿಯೋ ವೈರುಗಳಿಂದ ದೂರ ಎಳೀರಿ.

ದೋಣಿ ನೀರಿಗಿಳಿದ ಕೂಡಲೇ ಒಳಗೆ ಟಾರ್ಚ್ ಹಿಡಿದು ನಟ್ಟಿನ ಬುಡ ಮುಟ್ಟಿ ನೋಡಿ. ಸಣ್ಣ ಸೋರಿಕೆ ಕಣ್ಣಿಗೆ ಬೀಳೋಕೆ ಒಂದು ದಿನ ಹಿಡಿಯಬಹುದು, ಅದಕ್ಕೇ ಮೊದಲ ದಿನ ಆಗಾಗ ಇಣುಕಿ. ಗಟ್ಟಿ ಫೈಬರ್ ತಳ ಇರೋರು ತೂತೇ ಇಲ್ಲದೆ ಒಳಗಿಂದ ಎಪಾಕ್ಸಿಯಲ್ಲಿ ಅಂಟಿಸಬಹುದು. ಶಕ್ತಿ ಒಂದಿಷ್ಟು ಕಳೆದುಹೋಗುತ್ತೆ, ತಿರುಳು ತುಂಬಿದ ತಳಕ್ಕಂತೂ ಆಗಲ್ಲ. ಅಂಟಿಸೋ ಮೊದಲು ದೋಣಿ ನೀರಲ್ಲಿರುವಾಗ, ನೀರು ತುಂಬಿದ ತೆಳು ಪ್ಲಾಸ್ಟಿಕ್ ಚೀಲದೊಳಗೆ ಟ್ರಾನ್ಸ್‌ಡ್ಯೂಸರ್ ಇಟ್ಟು, ಒದ್ದೆ ಮಾಡಿದ ಜಾಗಕ್ಕೆ ಒತ್ತಿ ಆಳ ಬರುತ್ತಾ ನೋಡಿ.

ನಿರ್ವಹಣೆಯಲ್ಲಿ ಮುಖ್ಯ ಕೆಲಸ ಮುಖ ಉಜ್ಜೋದು. ಪಾಚಿ, ಚಿಪ್ಪು ಕೂತರೆ ಸೂಕ್ಷ್ಮತೆ ನಿಧಾನವಾಗಿ ಇಳಿಯುತ್ತೆ. ಮೆತ್ತನೆ ಬಟ್ಟೆ, ಸೌಮ್ಯ ಸೋಪು ಸಾಕು. ಚಿಪ್ಪನ್ನ ಉಳಿಯಿಂದ ಕೆತ್ತಬೇಡಿ. ಪಾಚಿ ತಡೆಯೋ ಬಣ್ಣ ಬಳಿಯೋದಾದರೆ ನೀರು ಆಧಾರಿತದ್ದು, ತೆಳುವಾಗಿ ಒಂದೇ ಪದರ. ಕೀಟೋನ್ ಅನ್ನೋ ದ್ರಾವಕ ಇರುವ ಬಣ್ಣ ಪ್ಲಾಸ್ಟಿಕ್ಕನ್ನ ಮೆತ್ತಗೆ ಮಾಡುತ್ತೆ.

ವೇಗ ಹೆಚ್ಚಿಸಿದಾಗ ಮಾತ್ರ ಅಂಕಿ ಮಾಯವಾದರೆ ಗುಳ್ಳೆಯ ಕಾಟ, ಜಾಗವನ್ನೋ ಕೋನವನ್ನೋ ಅನುಮಾನಿಸಿ. ನಿಂತಾಗಲೂ ಬರದಿದ್ದರೆ ಮುಖ ನೋಡಿ, ಆಮೇಲೆ ಕನೆಕ್ಟರಿನ ಹಸಿರು ತುಕ್ಕು. ಕಡಿಮೆ ಆಳದಲ್ಲಿ ಸರಿಯಾಗಿ ಎರಡರಷ್ಟು ತೋರಿಸಿದರೆ ಅದು ಎರಡನೇ ಪ್ರತಿಧ್ವನಿ, ಗೇನ್ (ಯಂತ್ರದ ಸೂಕ್ಷ್ಮತೆ) ಇಳಿಸಿ.

ಕೊನೆಗೆ ಆಫ್‌ಸೆಟ್, ಅಂದರೆ ಅಳೆದ ಆಳಕ್ಕೆ ಕೂಡಿಸೋ ಅಥವಾ ಕಳೆಯೋ ಅಂಕಿ. ಯಂತ್ರ ಅಳೆಯೋದು ಟ್ರಾನ್ಸ್‌ಡ್ಯೂಸರ್ ಮುಖದಿಂದ. ಕೀಲಿನ ಕೆಳಗೆ ಎಷ್ಟು ನೀರಿದೆ ಅಂತ ಬೇಕಾದರೆ ಮುಖದಿಂದ ಕೀಲಿನ ತುದಿಯವರೆಗಿನ ಅಳತೆಯನ್ನ ಮೈನಸ್ ಹಾಕಿ. ನೀರಿನ ಮೇಲ್ಮೈಯಿಂದ ಬೇಕಾದರೆ ಮುಖ ಎಷ್ಟು ಆಳದಲ್ಲಿದೆಯೋ ಅಷ್ಟು ಪ್ಲಸ್. ತಣ್ಣನೆ ಸಿಹಿನೀರಲ್ಲಿ ಶಬ್ದ ನಿಧಾನ, ಅಲ್ಲಿ 1500ರ ಲೆಕ್ಕದ ಯಂತ್ರ ಇರೋದಕ್ಕಿಂತ ಸ್ವಲ್ಪ ಹೆಚ್ಚು ಆಳ ತೋರಿಸುತ್ತೆ. ನಿಂತ ನೀರಲ್ಲಿ, ನೀರಿನಡಿಯ ನೆಲ ಗಟ್ಟಿಯಿರೋ ಕಡೆ, ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಸಿ, ಹಗ್ಗದ ಅಳತೆಗೆ ಪರದೆಯ ಅಂಕಿ ಹೊಂದುವವರೆಗೆ ಆಫ್‌ಸೆಟ್ ತಿದ್ದಿ.