ರೆಂಡು, ವಾರು ಮತ್ತು 945 ವಂಶಾವಳಿಗಳು

ಕೇಳುಗರಿಗೆ ನಮಸ್ಕಾರ. ಸೇಡಂ, ಗುರುಮಠಕಲ್ ಕಡೆಯವರಿಗೆ ತೆಲುಗು ಹೊಸದೇನಲ್ಲ. ಸಂತೆಯಲ್ಲಿ ನಾವು ‘ಎರಡು’ ಅಂದರೆ ತೆಲುಗಿನವರು ‘ರೆಂಡು’ ಅನ್ನುತ್ತಾರೆ. ನಮ್ಮ ‘ಅವರು’ ಅವರಲ್ಲಿ ‘ವಾರು’. ಮೊದಲಿದ್ದ ಸ್ವರ ವ್ಯಂಜನವನ್ನು ದಾಟಿ ಹಿಂದಕ್ಕೆ ಹೋಗಿದೆ, ಅಷ್ಟೇ ಫರಕು. ಈ ಫರಕಿನ ಬೆನ್ನು ಹತ್ತಿದವರು ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿ.

1928ರಲ್ಲಿ ಹುಟ್ಟಿದ ಇವರು ಅಮೆರಿಕದಲ್ಲಿ ಪಿಎಚ್.ಡಿ. ಮಾಡಿ ಬಂದರು. 1962ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ವಿಭಾಗ ಕಟ್ಟಿದರು. ನಿಜಾಮರ ಕಾಲದಲ್ಲಿ ನಮ್ಮ ಭಾಗದ ಹಿರಿಯರು ಓದಲು ಹೋಗುತ್ತಿದ್ದ ಅದೇ ಉಸ್ಮಾನಿಯಾ! ಮುಂದೆ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಆ ಕುರ್ಚಿಯ ಮಾತು ಬಿಡಿ. ನನಗೆ ಇಷ್ಟವಾಗುವುದು ಅವರ 1983ರ ಒಂದು ಲೇಖನ.

ಗೊಂಡಿ, ಕೊಂಡ, ಕುಯಿ, ಕುವಿ, ಪೆಂಗೊ, ಮಂಡ ಇವು ತೆಲುಗಿಗೆ ಹತ್ತಿರದ ಆರು ದ್ರಾವಿಡ ಭಾಷೆಗಳು. ಸ್ವರ ಹಿಂದಕ್ಕೆ ಸರಿಯುವುದು ಇವುಗಳಲ್ಲೂ ಇದೆ. ಆದರೆ ಎಲ್ಲ ಪದಗಳಲ್ಲಿ ಒಮ್ಮೆಲೇ ಅಲ್ಲ. ಒಂದರಲ್ಲಿ ಬದಲಾದ ಪದ ಇನ್ನೊಂದರಲ್ಲಿ ಹಳೆಯ ರೂಪದಲ್ಲೇ ಉಳಿದಿರುತ್ತದೆ. ಕೃಷ್ಣಮೂರ್ತಿಯವರು ಲಿಂಕನ್ ಮೋಸೆಸ್ ಎಂಬ ಸಂಖ್ಯಾಶಾಸ್ತ್ರಜ್ಞರನ್ನೂ ಡಗ್ಲಾಸ್ ಡ್ಯಾನ್‌ಫರ್ತ್ ಅವರನ್ನೂ ಜೊತೆಗೆ ಸೇರಿಸಿಕೊಂಡರು. ಅಂಥ 63 ಪದಗಳನ್ನು ತೆಗೆದುಕೊಂಡು, ಯಾವ ಭಾಷೆಯಲ್ಲಿ ಯಾವುದು ಬದಲಾಗಿದೆ, ಯಾವುದು ಇಲ್ಲ ಎಂದು ಗುರುತು ಹಾಕಿದರು. ಯಾವ ಭಾಷೆ ಯಾವುದಕ್ಕೆ ಹತ್ತಿರದ ನೆಂಟ ಎಂದು ಇದರಿಂದ ತಿಳಿಯಬೇಕಿತ್ತು.

ಆರು ಭಾಷೆಗಳನ್ನು ಎರಡೆರಡಾಗಿ ಕವಲೊಡೆಯುವ ವಂಶಾವಳಿಯಾಗಿ ಎಷ್ಟು ಬಗೆಯಲ್ಲಿ ಜೋಡಿಸಬಹುದು ಹೇಳಿ? 945! ಕೈಯಲ್ಲಿ ಆಗುವ ಕೆಲಸ ಅಲ್ಲ, ಅಲ್ವಾ? ಕಂಪ್ಯೂಟರಿಗೆ ಕೊಟ್ಟರು. ಯಾವ ವಂಶಾವಳಿಗೆ ಅತಿ ಕಡಿಮೆ ಬದಲಾವಣೆ ಸಾಕೋ ಅದೇ ಒಳ್ಳೆಯದು ಎಂಬ ಲೆಕ್ಕ. ಭಾಷಾವಿಜ್ಞಾನಿಗಳು ಮೊದಲೇ ಹಳೆಯ ವಿಧಾನದಲ್ಲಿ ಹೇಳಿದ್ದ ಸಂಬಂಧಗಳ ಜೊತೆ ಆ ಉತ್ತರ ಬಹುಮಟ್ಟಿಗೆ ಹೊಂದಿತು.

ಈ ಲೆಕ್ಕದ ಹಿಂದೆ ಎರಡು ದಶಕಗಳ ದುಡಿಮೆಯಿತ್ತು. ಕೊಂಡ ಭಾಷೆಗೆ ಅವರು ವ್ಯಾಕರಣವನ್ನೇ ಬರೆದಿದ್ದರು. ಮನೆಯ ಪದ ಯಾವುದು, ಸಾಲ ಬಂದ ಪದ ಯಾವುದು ಎಂದು ಬೇರ್ಪಡಿಸದೆ ಎಣಿಸುವುದು ಕಲ್ಲು ಆರಿಸದೆ ತೊಗರಿ ತೂಗಿದಂತೆ. ಕಲಬುರಗಿಯ ಬಜಾರಿನಲ್ಲಿ ‘ದುಕಾನ್’ ಅನ್ನುವುದು ಉರ್ದುವಿನಲ್ಲೂ ಉಂಟು, ನಮ್ಮ ಕನ್ನಡದಲ್ಲೂ ಉಂಟು. ಅಷ್ಟಕ್ಕೇ ಇವೆರಡು ಒಂದೇ ಮನೆಯ ಭಾಷೆಗಳಾಗುವುದಿಲ್ಲ. ಅದಕ್ಕೇ ಈ ವಿದ್ಯೆಯವರು ಕಣ್ಣು, ಕಿವಿ, ನೀರು, ನಾನು, ನೀನು ಎಂಬಂಥ ಪದಗಳಿಂದ ಶುರು ಮಾಡುತ್ತಾರೆ. ಅವು ಅಷ್ಟು ಸುಲಭವಾಗಿ ಸಾಲ ಬರುವುದಿಲ್ಲ.

ಈ ದಾರಿ ಹಿಡಿಯಬೇಕು ಅನ್ನುವ ವಿದ್ಯಾರ್ಥಿಗಳಿಗೆ ನನ್ನದೊಂದು ಮಾತು. ಗಣಿತಕ್ಕೆ ಹೆದರಬೇಡಿ, ಸಂಖ್ಯಾಶಾಸ್ತ್ರವನ್ನೂ ಸ್ವಲ್ಪ ಕಲಿಯಿರಿ. ಪದ ಕೂಡಿಸಲು ದೂರ ಹೋಗಬೇಕಿಲ್ಲ. ಚಿಂಚೋಳಿ ಕಡೆ ಒಂದು ತಾಂಡಾಕ್ಕೆ ಹೋಗಿ ಲಂಬಾಣಿ ಕೇಳಿ. ಅದು ಹಿಂದಿ, ಮರಾಠಿಗಳ ಬಳಗದ ಭಾಷೆ. ಅದರಲ್ಲಿ ಯಾವುದು ಮನೆಯ ಮಾತು, ಯಾವುದು ಕನ್ನಡದಿಂದ ಹೋದದ್ದು ಎಂದು ಎರಡು ಪಟ್ಟಿ ಮಾಡಿ. ಎಣಿಕೆ ಆಮೇಲೆ ಇದ್ದೇ ಇದೆ. ನಮಸ್ಕಾರ.