ಬೇಡವೆನ್ನುವ ತಾಯಿಯ ಮಾತು

ಕೇಳುಗರಿಗೆ ನಮಸ್ಕಾರ. ಶ್ರೀನಿವಾಸಪುರದ ಕಡೆಯ ಊರೊಂದರಿಂದ ಎಪ್ಪತ್ತು ದಾಟಿದ ತಾಯಿಯೊಬ್ಬರನ್ನು ಕೋಲಾರದ ಆಸ್ಪತ್ರೆಗೆ ಕರೆತಂದಿದ್ದಾರೆ ಎಂದುಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಪಾದ ಕಪ್ಪಾಗಿದೆ. ಮೊಣಕಾಲಿನ ಕೆಳಗೆ ತೆಗೆಯಬೇಕೆಂದು ವೈದ್ಯರು ಹೇಳಿದರೆ, ಆಕೆ ಬೇಡವೆನ್ನುತ್ತಾರೆ. "ಅಮ್ಮನಿಗೆ ಬುದ್ಧಿ ನೆಟ್ಟಗಿಲ್ಲ ಸಾರ್, ನಾನೇ ಸೈನ್ ಹಾಕ್ತೀನಿ" ಎಂದು ಮಗ ಒಪ್ಪಿಗೆ ಪತ್ರಕ್ಕೆ ಕೈ ಚಾಚುತ್ತಾನೆ. ಅದು ಪ್ರೀತಿಯಿಂದ ಬಂದ ಮಾತೇ. ಆದರೆ ಕಾನೂನು ಮೊದಲು ಆ ತಾಯಿಯನ್ನು ಕೇಳುತ್ತದೆ.

ಪ್ರಾಪ್ತ ವಯಸ್ಕರ ಪರವಾಗಿ ಬಂಧುಗಳು ಹಾಕುವ ಸಹಿ ತಾನಾಗಿಯೇ ಸಮ್ಮತಿಯಾಗುವುದಿಲ್ಲ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಮಗಳು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದದ್ದನ್ನು, ತುರ್ತು ಇರಲಿಲ್ಲವಾದ್ದರಿಂದ, ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಹಾಗಾದರೆ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ತಿಳಿಯುವುದು ಹೇಗೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಕಲಂ ನೋಡುವ ಸಂಗತಿಗಳು ಇವು: ವಿಷಯ ಅರ್ಥವಾಗಿದೆಯೇ, ಪರಿಣಾಮ ತಿಳಿದಿದೆಯೇ, ತೀರ್ಮಾನವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಬಲ್ಲರೇ. ತೀರ್ಮಾನವು ಇತರರಿಗೆ ತಪ್ಪಾಗಿ ಕಂಡಿತೆಂಬ ಒಂದೇ ಕಾರಣಕ್ಕೆ ಸಾಮರ್ಥ್ಯವಿಲ್ಲವೆನ್ನಲಾಗದು ಎಂದೂ ಅದೇ ಕಲಂ ಹೇಳುತ್ತದೆ. ಇದು ಮಾನಸಿಕ ಚಿಕಿತ್ಸೆಗೆಂದು ಬರೆದ ಕಾಯ್ದೆ; ದೇಹದ ಚಿಕಿತ್ಸೆಯಲ್ಲೂ ಇದೇ ಅಳತೆಗೋಲು ನ್ಯಾಯವಾದದ್ದೆಂದು ನಾನು ನಂಬಿದ್ದೇನೆ.

ಕೇಳುವ ಹೊತ್ತೂ ಮುಖ್ಯ. ಸಕ್ಕರೆ ಕುಸಿದಾಗ, ನಂಜಿನ ಜ್ವರ ಏರಿದಾಗ ಮನಸ್ಸು ಮಂಕಾಗುತ್ತದೆ. ಬೆಳಿಗ್ಗೆ ಮಗನ ಹೆಸರನ್ನೇ ಮರೆತವರು ಸಂಜೆ ಎದ್ದು ಕೂತು, "ಗೊತ್ತಪ್ಪ, ವಿಸ ಮೈಗೇರಿದ್ರೆ ಹೋಗ್ಬಿಡ್ತೀನಿ, ಕಾಲಿಲ್ದೆ ಇನ್ನೊಬ್ರ ಮೇಲೆ ಬೀಳಕ್ಕಾಗಲ್ಲ" ಎನ್ನಬಹುದು. ಅದು ತಿಳಿದೇ ಆಡಿದ ಮಾತು. ಆದರೆ ಮಕ್ಕಳಿಗೆ ಹೊರೆಯಾಗುವ ಭಯವೇ ಅದರ ಹಿಂದಿದ್ದರೆ, ಕೃತಕ ಕಾಲಿನ ವಿಷಯವನ್ನು ಬಿಡಿಸಿ ಹೇಳಿ ಇನ್ನೊಮ್ಮೆ ಕೇಳಬೇಕು. ಆಗಲೂ ಬೇಡವೆಂದರೆ ಶಸ್ತ್ರಚಿಕಿತ್ಸೆಯನ್ನಷ್ಟೇ ಬಿಡಬೇಕು. ಡ್ರೆಸಿಂಗು, ನೋವಿನ ಔಷಧ ನಿಲ್ಲಬಾರದು. ಆಕೆ ನಾಳೆ ಮನಸ್ಸು ಬದಲಿಸಲೂಬಹುದು.

ಮುಂದೆ ಮಾತೇ ನಿಂತುಹೋದೀತೆಂಬ ಚಿಂತೆಯಿರುವವರು ಮುಂಗಡ ವೈದ್ಯಕೀಯ ನಿರ್ದೇಶನ, ಅಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ತಿಳಿಸುವ ಪತ್ರ, ಬರೆದಿಡಬಹುದು. ಕಾಮನ್ ಕಾಜ್ ಎಂಬ ಸಂಸ್ಥೆಯ ಪ್ರಕರಣದಲ್ಲಿ 2018ರ ಸುಪ್ರೀಂ ಕೋರ್ಟ್ ತೀರ್ಪು ಅದಕ್ಕೆ ಮಾನ್ಯತೆ ನೀಡಿತು. 2023ರಲ್ಲಿ ವಿಧಾನ ಸರಳವಾಗಿ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಾಯಿತು. ನಮ್ಮ ರಾಜ್ಯ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಗುಣವಾಗುವ ಭರವಸೆಯಿಲ್ಲದೆ, ಸ್ವತಃ ತೀರ್ಮಾನಿಸಲಾಗದ ಸ್ಥಿತಿ ಬಂದಾಗ ಮಾತ್ರ ಆ ಪತ್ರಕ್ಕೆ ಕೆಲಸ. ಅದನ್ನು ಬರೆದ ಮೇಲೆ ಒಂದು ಪ್ರತಿಯನ್ನು ಮನೆಯವರಿಗೆ ಕೊಟ್ಟು, ಏಕೆ ಬರೆದಿರೆಂದು ಅವರಿಗೆ ಬಾಯಿಮಾತಿನಲ್ಲೂ ತಿಳಿಸಿ.