ಬಾಲವಿದ್ದವನಿಗೊಂದು ಉಯ್ಯಾಲೆ

ಕೇಳುಗರಿಗೆ ನಮಸ್ಕಾರ. ನಾನು ನಾಟಕಗಳಿಗೆ ಮುಖವಾಡ ಮಾಡುವವನು. ಹಳೇ ಪೇಪರು, ಮೈದಾ ಅಂಟು, ರಬ್ಬರ್ ಹಾಲು, ಇಷ್ಟೇ ನನ್ನ ಬಂಡವಾಳ. ಇಂಥವನನ್ನು ಕೂರಿಸಿಕೊಂಡು ಹಾಲಿವುಡ್ ಸಿನಿಮಾ ಬಗ್ಗೆ ಮಾತಾಡಿ ಅಂದಿದ್ದಾರೆ. 2024ರ ಆಗಸ್ಟ್‌ನಲ್ಲಿ ‘ಏಲಿಯನ್: ರೋಮ್ಯುಲಸ್’ ಬಂತು, ಅದಕ್ಕೆ ನಾನು ದಿನ ಎಣಿಸಿದವನು, ಅದು ಇವರಿಗೆ ಗೊತ್ತು. ಬಾಹ್ಯಾಕಾಶದ ರಾಕ್ಷಸ ಪ್ರಾಣಿಯ ಕಥೆ ಹೇಳುವ ‘ಏಲಿಯನ್’ ಸಾಲಿನಲ್ಲಿ ಇದು ಏಳನೆಯದು. ಆ ಪ್ರಾಣಿಯನ್ನು ಬೇರೊಂದು ಸಿನಿಮಾ ಸಾಲಿನ ರಾಕ್ಷಸ ಪ್ರಿಡೇಟರ್ ಜೊತೆ ಜಗಳಕ್ಕೆ ಬಿಟ್ಟ ಎರಡು ಸಿನಿಮಾಗಳನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕ್ಷಮಿಸಿ.

ನನ್ನದು ಒಂದೇ ಮಾತು. ಭೂತವನ್ನು ಕೈಯಲ್ಲಿ ಮಾಡಬೇಕು. ಕಂಪ್ಯೂಟರಿನಲ್ಲಲ್ಲ, ಕೈಯಲ್ಲಿ.

1979ರ ಮೊದಲ ‘ಏಲಿಯನ್’ ನೋಡಿ. ಸ್ವಿಟ್ಜರ್ಲೆಂಡಿನ ಕಲಾವಿದ ಗೀಗರ್ ಆ ಪ್ರಾಣಿಯ ರೂಪ ಬರೆದ. ನಿರ್ದೇಶಕ ರಿಡ್ಲಿ ಸ್ಕಾಟ್‌ಗೆ ಒಂದೇ ಚಿಂತೆ, ರಬ್ಬರ್ ಚೀಲದೊಳಗೆ ಮನುಷ್ಯ ಇದ್ದಾನೆ ಅಂತ ಗೊತ್ತಾಗಬಾರದು. ಹಾಗಾದರೆ ಮನುಷ್ಯನ ಅಳತೆಯೇ ಇಲ್ಲದ ಮನುಷ್ಯ ಬೇಕು! ಕೊನೆಗೆ ಸಿಕ್ಕಿದ್ದು ಲಂಡನ್ನಿನ ಒಂದು ಬಾರಿನಲ್ಲಿ. ಬೊಲಾಜಿ ಬಡೇಜೊ ಅಂತ, ನೈಜೀರಿಯಾದ ಹುಡುಗ, ಅಲ್ಲಿ ಡಿಸೈನ್ ಓದುತ್ತಿದ್ದ. ಎತ್ತರ ಸುಮಾರು 6 ಅಡಿ 10 ಅಂಗುಲ, ಕೈಕಾಲು ಅಡಿಕೆ ಮರದ ಹಾಗೆ. ನಟನೆಯ ಗಂಧ ಇಲ್ಲ. ಅವನಿಗೆ ಮೂಕಾಭಿನಯ ಕಲಿಸಿದರು, ನಿಧಾನ ಚಲಿಸುವುದಕ್ಕೆ ತೈ ಚಿ ಎಂಬ ಚೀನಾದ ಕಸರತ್ತು ಕಲಿಸಿದರು. ವೇಷ ತೊಡಿಸಿದ ಮೇಲೆ ಇನ್ನೊಂದು ಫಜೀತಿ. ಹಿಂದೆ ಬಾಲ ಇದೆಯಲ್ಲ, ಕುರ್ಚಿಯಲ್ಲಿ ಕೂರುವುದಕ್ಕಾಗದು. ಶಾಟ್‌ಗಳ ನಡುವೆ ಆ ಹುಡುಗ ಎಷ್ಟು ಹೊತ್ತು ನಿಂತಾನು? ಅವನಿಗಾಗಿಯೇ ಒಂದು ಉಯ್ಯಾಲೆ ಕಟ್ಟಿಕೊಟ್ಟರು. ಜಗತ್ತನ್ನು ಹೆದರಿಸಿದ ಆ ರಾಕ್ಷಸ ಬಿಡುವಿನಲ್ಲಿ ಉಯ್ಯಾಲೆಯ ಮೇಲೆ ಕೂತಿರುತ್ತಿದ್ದ! ವೇಷ ಕಟ್ಟುವವರಿಗೆ ಇದು ನಗೆಯ ವಿಷಯ ಅಲ್ಲ, ಸ್ವಾಮಿ. ಚೆಂದ ಕಾಣುವ ಮುಖವಾಡ ಮಾಡಿ, ಒಳಗಿದ್ದವನಿಗೆ ಉಸಿರಾಡಲು ತೂತು ಬಿಡದೆ ನಾನೇ ಬೈಸಿಕೊಂಡಿದ್ದೇನೆ.

ಒಳಗೊಬ್ಬ ಉಸಿರಾಡುತ್ತಿದ್ದಾನಲ್ಲ, ಅದಕ್ಕೇ ನಮಗೆ ಹೆದರಿಕೆ. ಕೈಯಲ್ಲಿ ಮಾಡಬೇಕು ಅಂದದ್ದು ಅದಕ್ಕೇ.

ಇಲ್ಲಿ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಅದೇ ಸಿನಿಮಾದಲ್ಲಿ ಆ ಪ್ರಾಣಿಯ ಮೊಟ್ಟೆಯೊಳಗೆ ಮಿಸುಕಾಡುವುದು ರಬ್ಬರ್ ಗ್ಲೌಸ್ ಹಾಕಿದ ಸ್ಕಾಟ್‌ನದೇ ಕೈ. ಅಂತರಿಕ್ಷ ನೌಕೆ ನೆಲಕ್ಕೂರುವ ಕಾಲು ದೊಡ್ಡದಾಗಿ ಕಾಣಲೆಂದು ತನ್ನ ಮಕ್ಕಳಿಗೇ ಗಗನಯಾತ್ರಿಯ ಪುಟ್ಟ ಉಡುಪು ಹಾಕಿಸಿ ನಿಲ್ಲಿಸಿದ. ಆ ಉಡುಪಿನ ಸೆಕೆಗೆ ದೊಡ್ಡವರು ತಲೆ ತಿರುಗಿ ಬೀಳುವಂತಾದರೂ ಸರಿಪಡಿಸಿರಲಿಲ್ಲ, ಮಕ್ಕಳಿಗೂ ಹಾಗೇ ಆದಮೇಲೆ ಸರಿಪಡಿಸಿದರಂತೆ. ಅಪ್ಪಂದಿರು!

‘ರೋಮ್ಯುಲಸ್’ ಚಿತ್ರದ ನಿರ್ದೇಶಕ ಉರುಗ್ವೆಯ ಫೆಡೆ ಆಲ್ವಾರೆಜ್. 1986ರ ‘ಏಲಿಯನ್ಸ್’ಗೆ ಪ್ರಾಣಿಗಳನ್ನು ಮಾಡಿದವರನ್ನೇ ಹುಡುಕಿ ಕರೆತಂದಿದ್ದಾನೆ. ಕಥೆ ನಡೆಯುವುದೂ ಮೊದಲೆರಡು ಚಿತ್ರಗಳ ನಡುವಿನ ಕಾಲದಲ್ಲಿ. ಕಥೆ ನೀವು ನೋಡಿಕೊಳ್ಳಿ. ನಾನು ಮುಂದಿನ ಸಾಲಿನಲ್ಲಿ ಕೂತು, ಆ ರಬ್ಬರಿನ ಹೊಲಿಗೆ ಎಲ್ಲಿ ಮುಚ್ಚಿದ್ದಾರೆ ಅಂತ ಹುಡುಕುತ್ತಿರುತ್ತೇನೆ. ನಮಸ್ಕಾರ.